ಕ್ಷಮಿಸಬೇಕಾದವಳು

ರುಚಿ ನೋಡುವ ರಿಜಿಸ್ಟರನ್ನು ಹೆಡ್‌ಮಾಸ್ಟರ್ ಉಗ್ರಪ್ಪನವರು ತಮ್ಮ ಕಡೆಗೆ ಎಳೆದುಕೊಂಡು, ಸುಮನಾ ಸಹಿ ಹಾಕಬೇಕಾದ ಜಾಗದಲ್ಲಿ ತಾವೇ ಹಾಕಿದರು. ‘ನಿಮಗ್ಯಾಕೆ ಮೇಡಂ ತೊಂದ್ರೆ. ಇನ್ಮೇಲೆ ನಾನೇ ತಿಂದು ನೋಡ್ತೀನಿ ಬಿಡಿ’ ಎಂದರು. ಸಾವಿನ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ಜನ ಮಾತಾಡುವ ದನಿ ಅದು. ಅಂದರೆ ಇವರೂ ನೋಡಿದ್ದಾರೆ. ಸೋಮವಾರ ಅಂಗನವಾಡಿಯವಳು ನೋಡಿದ್ದಳು, ಬುಧವಾರ ಹಾಲಿನ ಡೈರಿಯವನು. ಶನಿವಾರದ ಹೊತ್ತಿಗೆ ಹೆಡ್‌ಮಾಸ್ಟರರ ಫೋನಿಗೂ ಆ ವಿಡಿಯೊ ಬಂದು ಮುಟ್ಟಿದೆ. ಮಕ್ಕಳ ತಟ್ಟೆಗೆ ಬಿಸಿಯೂಟ ಬೀಳುವ ಅರ್ಧ ಗಂಟೆ ಮೊದಲು ಟೀಚರೊಬ್ಬರು ತಿಂದು ನೋಡಿ, ಗಂಟೆ ಬರೆದು ಸಹಿ ಹಾಕಬೇಕು. ತರೀಕೆರೆಗೆ ನಾಲ್ಕು ಮೈಲಿಯ ಈ ಶಾಲೆಗೆ ಬಂದ ದಿನವೇ, ಹೊಸಬಳೆಂದು, ಆ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದರು. ಮೂರು ವರ್ಷ. ಅದರಲ್ಲಿ ಎರಡೂಮುಕ್ಕಾಲು ವರ್ಷ ಅವಳು ಸುಳ್ಳೇ ಸಹಿ ಹಾಕಿದ್ದಳು. ತಟ್ಟೆ ಹಿಡಿದು ಅಡುಗೆ ಕೋಣೆಯ ಹಿಂದಕ್ಕೆ ಹೋಗಿ, ಕಾಂಪೌಂಡಿನಾಚೆಯ ನಾಯಿಗೆ ಸುರಿದು, ಒಣಗಿದ ತುಟಿಯನ್ನೇ ಸೆರಗಿನಿಂದ ಒರೆಸಿಕೊಳ್ಳುತ್ತ ವಾಪಸು ಬಂದು, ‘ಚೆನ್ನಾಗಿದೆ’ ಎಂದು ಬರೆಯುತ್ತಿದ್ದಳು. ಕೊನೆಯ ಮೂರು ತಿಂಗಳು ಮಾತ್ರ ನಿಜವಾಗಿ ತಿಂದಿದ್ದಳು. ನಾಲ್ಕು ತುತ್ತು, ದಿನವೂ ನಾಲ್ಕು. ಕಡೂರಿನ ಕೌನ್ಸೆಲರ್ ವಿಭಾ ಮೇಡಂ ಕೊಟ್ಟ ಹೋಂವರ್ಕು ಅದು.

‘ಮೇಡಮ್ಮೋರು ನೋಡಿದ್ರೇನೇ ನಂಗೆ ಸಮಾಧಾನ ಸಾರ್. ನಿಮ್ದು ಬೀಪಿ ನಾಲ್ಗೆ, ಉಪ್ಪು ಹಾಕಿದ್ರೂ ಜಾಸ್ತಿ, ಹಾಕ್ದಿದ್ರೂ ಜಾಸ್ತಿ’ ಎಂದಳು ಅಡುಗೆಯ ಭಾಗಮ್ಮ, ಸೌಟನ್ನು ಪಾತ್ರೆಯ ಅಂಚಿಗೆ ಬಡಿದು.

‘ನೀನ್ ಸುಮ್ನಿರು ಭಾಗಮ್ಮ. ನಿಂಗ್ ಗೊತ್ತಾಗಲ್ಲ ಇದು.’

ಗೊತ್ತಾಗಲ್ಲವಂತೆ. ಭಾಗಮ್ಮನಿಗೆ ಮೊದಲನೇ ವಾರವೇ ಗೊತ್ತಾಗಿತ್ತು. ಸುಮನಾ ನಾಯಿಗೆ ಸುರಿಯುವುದನ್ನು ಅವಳು ಸೌದೆ ರಾಶಿಯ ಪಕ್ಕ ನಿಂತು ನೋಡಿದ್ದಳು, ಕಣ್ಣಿಗೆ ಕಣ್ಣು ಸೇರಿತ್ತು, ಒಂದು ಮಾತೂ ಆಡದೆ ಒಳಗೆ ಹೋಗಿದ್ದಳು. ಮಾರನೆಯ ದಿನದಿಂದ ರುಚಿಯ ತಟ್ಟೆಗೆ ಒಂದೇ ಸೌಟು ಹಾಕತೊಡಗಿದಳು, ಅಷ್ಟೆ. ಅಕ್ಷರ ಬಾರದ ಹೆಂಗಸು, ಬಾಗಿಲಿಗೆ ಬೋರ್ಡು ಹಾಕಿಕೊಂಡವಳಲ್ಲ, ಗುಟ್ಟು ಕಾಯುತ್ತೇನೆಂದು ಯಾವ ಕಾಗದಕ್ಕೂ ರುಜು ಹಾಕಿಕೊಟ್ಟವಳಲ್ಲ. ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದಳು. ಹಾಗಾದರೆ ಓದಿದವರ ಗಂಟಲಿಗೆ ಏನಾಗಿದೆ ಎಂದು ಸುಮನಾಳಿಗೆ ಅನ್ನಿಸಿತು. ಅನ್ನಿಸಿದ್ದೇ ತಾನೂ ಓದಿದವಳಲ್ಲವೇ ಎಂದು ನಾಚಿಕೆಯಾಯಿತು. ಮಕ್ಕಳು ಸಾಲಾಗಿ ಕೂತಿದ್ದರು. ಬ್ಯಾಗು ಎತ್ತಿಕೊಂಡು, ‘ಕಡೂರಿಗೆ ಹೋಗ್ಬೇಕು ಸಾರ್’ ಎಂದಳು. ‘ಹೋಗ್ಬನ್ನಿ ಹೋಗ್ಬನ್ನಿ’ ಎಂದ ಉಗ್ರಪ್ಪನವರು, ದನಿ ತಗ್ಗಿಸಿ, ‘ಒಂದ್ ಮಾತು ಹೇಳ್ಲಾ ಮೇಡಂ? ಅಷ್ಟು ದೊಡ್ಡ ಮನುಷ್ಯ ಅಷ್ಟು ಜನರ ಎದ್ರು ಅತ್ತುಬಿಟ್ರಲ್ಲ. ನಂಗೇ ಕಣ್ಣೀರು ಬಂತು. ಕ್ಷಮಿಸಿಬಿಡಿ ಅತ್ಲಾಗೆ’ ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಎದೆ ಒಮ್ಮೆ ತಪ್ಪಿ ಬಡಿದು ಮತ್ತೆ ಸಾಲಿಗೆ ಬಂತು. ಸೋಮವಾರದಿಂದ ಈಚೆಗೆ ಹೀಗೆ. ತಿಂದದ್ದನ್ನು ಬರೆದಿಡುವ ಡೈರಿಯ ಪುಟಗಳು ಸೋಮವಾರದಿಂದ ಖಾಲಿ. ಮಂಗಳವಾರವೂ ಗುರುವಾರವೂ ಬಚ್ಚಲಿನಲ್ಲಿ ಬೆರಳು ತಾನಾಗಿ ಗಂಟಲಿಗೆ ಹೋಗಿತ್ತು, ಮರೆತಿಲ್ಲ ಅದು ದಾರಿ. ಮಾರ್ಚ್‌ನಲ್ಲಿ ಶಿವಮೊಗ್ಗದ ಡಾಕ್ಟರು ಇಸಿಜಿ ಕಾಗದವನ್ನು ಬೆಳಕಿಗೆ ಹಿಡಿದು, ‘ಮೂವತ್ನಾಲ್ಕು ಕೇಜಿ. ಇನ್ನೊಂದ್ಸಲ ಹಿಂಗೆ ಬಂದ್ರೆ ನಾವ್ ಏನೂ ಮಾಡಕ್ಕಾಗಲ್ಲಮ್ಮ, ಹೃದಯ ಸುಮ್ನೆ ನಿಂತುಹೋಗುತ್ತೆ’ ಎಂದಿದ್ದರು. ಅವರೇ ಚೀಟಿಯಲ್ಲಿ ವಿಭಾ ಮೇಡಂ ಹೆಸರು ಬರೆದುಕೊಟ್ಟಿದ್ದರು. ಆಮೇಲೆ ಐದು ತಿಂಗಳು, ಶನಿವಾರದ ಮಧ್ಯಾಹ್ನಗಳು. ಕಡೂರಿನ ಆ ಹಳೇ ಮನೆಯ ಮುಂದಿನ ಕೋಣೆ, ಎರಡು ಬೆತ್ತದ ಕುರ್ಚಿ, ನಡುವೆ ಸಣ್ಣ ಮೇಜು. ಮೊದಲ ವಾರ ವಿಭಾ ತಮ್ಮ ಡಬ್ಬಿ ತೆರೆದು ಸುಮ್ಮನೆ ಉಂಡಿದ್ದರು, ಅವಳು ನೋಡುತ್ತ ಕೂತಿದ್ದಳು. ಎರಡನೇ ವಾರವೂ ಹಾಗೆ. ‘ನಿಮ್ಮ ಡಬ್ಬಿ ನಿಮಗೆ, ನನ್ನ ಡಬ್ಬಿ ನನಗೆ. ನಾನು ತಿನ್ನಿಸಲ್ಲ, ತಿನ್ನಿ ಅಂತ ಹೇಳೋದೂ ಇಲ್ಲ. ಈ ಬಾಗಿಲು ದಾಟಿ ಒಂದು ಮಾತೂ ಹೋಗಲ್ಲ’ ಎಂದಿದ್ದರು. ಆರನೇ ವಾರ ಸುಮನಾ ತನ್ನ ಡಬ್ಬಿಯಿಂದ ಒಂದು ತುತ್ತು ಎತ್ತಿದಾಗ ವಿಭಾ ಹೊಗಳಲಿಲ್ಲ, ನಗಲಿಲ್ಲ, ನೋಡಲೂ ಇಲ್ಲ. ತಮ್ಮ ಮೊಸರನ್ನದಲ್ಲಿ ಸಿಕ್ಕಿದ ಒಣಮೆಣಸಿನಕಾಯಿಯನ್ನು ಅಂಚಿಗೆ ಸರಿಸಿ, ಈ ಸಲ ಮಾವು ಏನೇನೂ ಚೆನ್ನಾಗಿಲ್ಲ ಎಂದರು. ಆ ನೋಡದಿರುವಿಕೆಗೆ ಸುಮನಾ ತನ್ನ ಇಪ್ಪತ್ತೇಳು ವರ್ಷವನ್ನೂ ಬಿಚ್ಚಿ ಕೊಟ್ಟಿದ್ದಳು. ಜಗತ್ತಿನಲ್ಲಿ ಒಬ್ಬರ ಎದುರು ಮಾತ್ರ ಅವಳಿಗೆ ಅನ್ನ ಒಳಗೆ ಇಳಿಯುತ್ತಿತ್ತು. ಶನಿವಾರ ಇಳಿದದ್ದರ ನೆನಪಿನಲ್ಲೇ ಉಳಿದ ಆರು ದಿನದ ನಾಲ್ಕು ನಾಲ್ಕು ತುತ್ತು ಇಳಿಯುತ್ತಿದ್ದವು. ಇವತ್ತು ಆ ಒಬ್ಬರ ಎದುರೂ ಇಳಿಯದಿದ್ದರೆ? ಬೀರೂರು ಬಂತು, ಹೂ ಮಾರುವವಳೊಬ್ಬಳು ಹತ್ತಿ ಪಕ್ಕ ಕೂತಳು. ‘ಯಾಕಮ್ಮಿ ಹಿಂಗ್ ಕಡ್ಡಿಯಂಗಿದೀಯ, ಮನೇಲಿ ಅನ್ನ ಹಾಕಲ್ವಾ?’ ಎಂದು ನಕ್ಕಳು. ಸುಮನಾಳೂ ನಕ್ಕಳು. ವಿಡಿಯೊ ನೋಡದ ಜೀವವೊಂದು ಪಕ್ಕದಲ್ಲಿ ಕೂತಿದೆ ಎಂಬುದೇ ಒಂದು ತಂಪು.

ವಿಡಿಯೊ ಕಳಿಸಿದ್ದು ದೊಡ್ಡಪ್ಪನ ಮಗಳು ಮಾನಸ. ‘ಅಕ್ಕಾ, ನೋಡು. ಅಪ್ಪಾಜಿ ಎರಡ್ ದಿನದಿಂದ ನಿದ್ದೆ ಮಾಡಿಲ್ಲ. ಒಂದ್ ಫೋನ್ ಮಾಡೇ ಪ್ಲೀಸ್.’ ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಅಜ್ಜಂಪುರದ ಸಭಾಭವನ, ತಿಂಗಳ ಗೋಷ್ಠಿ, ಹಿಂದೆ ಬ್ಯಾನರಿನಲ್ಲಿ ‘ಮಕ್ಕಳು, ಆಹಾರ, ಮನಸ್ಸು’. ಮೈಕಿನ ಮುಂದೆ ವಿಭಾ ಮೇಡಂ, ಶನಿವಾರಗಳಂದು ಉಡುವ ಅದೇ ನೀಲಿ ಕಾಟನ್ ಸೀರೆ. ‘ಒಬ್ಬಳು ಹುಡುಗಿ. ಸೀತಾ ಅಂತಿಟ್ಕೊಳ್ಳೋಣ. ಹಾಸನದ ಕಡೆಯವಳು.’ ಒಂಬತ್ತು ವರ್ಷದ ತಾಯಿಯಿಲ್ಲದ ಹುಡುಗಿ, ದೊಡ್ಡವರ ಮನೆ, ಗುರುಗಳನ್ನು ಊಟಕ್ಕೆ ಕರೆದ ದಿನ, ತುಂಬಿದ ಪಂಕ್ತಿ, ಹೆಸರುಬೇಳೆ ಪಾಯಸ ಹೊಟ್ಟೆ ತೊಳೆಸಿ ಬಂದು, ಮಗು ತಟ್ಟೆಯಲ್ಲೇ ವಾಂತಿ ಮಾಡಿಕೊಂಡದ್ದು, ಮನೆಯ ಯಜಮಾನ ಎದ್ದು ಬಂದು, ಪ್ರಸಾದ ಬಿಡಬಾರದು, ಎಲ್ಲಾ ತಿನ್ನು ಎಂದದ್ದು, ಅವನ ಹೆಂಡತಿ ಮಗುವಿನ ಮೂಗು ಹಿಡಿದದ್ದು. ತಿಂದಾದ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಸಿದರು ಎಂದು ವಿಭಾ ಹೇಳಿದಾಗ ಸಭೆಯಲ್ಲಿ ಒಂದು ಅಲುಗಾಟವಾಗಿ, ಹೆಂಗಸರ ಸಾಲಿನಲ್ಲಿ ತಲೆಗಳು ತಿರುಗುತ್ತವೆ. ವಿಭಾ ಗಮನಿಸುವುದಿಲ್ಲ. ಅವರು ತಡೆದು ನಿಂತು, ನೀರು ಕುಡಿದು, ದನಿ ಇಳಿಸಿ ಹೇಳುತ್ತಾರೆ: ‘ಆ ಪಂಕ್ತಿಯಲ್ಲೇ ಆ ಮಗುವಿನ ತಂದೆಯೂ ಕೂತಿದ್ದರು. ಅವರು ಏನು ಮಾಡಿದ್ರು ಗೊತ್ತಾ? ಇನ್ನೊಂದು ಸೌಟು ಸಾರು ಕೇಳಿದ್ರು.’

ಸುಮನಾ ಇಪ್ಪತ್ತು ಸಲ ನೋಡಿದ್ದಾಳೆ. ಅವಳಿಗೆ ಅಸಹ್ಯವಾಗುವುದು ಏನೆಂದರೆ ವಿಭಾ ಅವಳಿಗಿಂತ ಚೆನ್ನಾಗಿ ಹೇಳುತ್ತಾರೆ. ಅವಳು ಹೇಳಿದ್ದಾಗ ಅದು ಚೂರು ಚೂರಾಗಿತ್ತು, ಹಿಂದುಮುಂದಾಗಿತ್ತು, ನಾಲ್ಕು ಶನಿವಾರ ಹಿಡಿದಿತ್ತು. ಇಲ್ಲಿ ಆರು ನಿಮಿಷಕ್ಕೆ ಹರಳುಗಟ್ಟಿ ನಿಂತಿದೆ. ಮೊದಲ ಸಲ ನೋಡಿದಾಗ ಆ ಸೀತಾ ಎಂಬ ಮಗುವಿಗಾಗಿ ಅವಳಿಗೇ ಅಳು ಬಂದಿತ್ತು, ಯಾರೋ ಪರರ ಮಗು ಎಂಬಂತೆ. ಸಾರಿನ ಮಾತು ಬಂದಾಗಷ್ಟೇ ಕೈಯಿಂದ ಫೋನು ಜಾರಿತು. ಅಪ್ಪ ಒಳಕೋಣೆಯಲ್ಲಿದ್ದ, ಫೋನಿನ ದನಿ ಅಲ್ಲಿಗೂ ಕೇಳುತ್ತಿತ್ತು. ರುದ್ರಮೂರ್ತಿ, ನಲವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿ ಬೇರೆಯವರ ಕಾಗದಗಳನ್ನು ಒಡೆಯದೆ ತಲುಪಿಸಿದವನು, ಅಣ್ಣನೆದುರು ಎಂದೂ ಬಾಯಿ ತೆರೆಯದವನು. ಆ ದಿನ ಅವನು ಸಾರು ಕೇಳಿದ್ದು ಹಸಿವಿಗಲ್ಲ, ಕೈಗೆ ಮಾಡಲು ಬೇರೇನೂ ತೋಚದೆ ಎಂದು ಅವಳಿಗೆ ಗೊತ್ತಿತ್ತು. ಒಂಬತ್ತು ವರ್ಷಕ್ಕೇ ಗೊತ್ತಿತ್ತು. ತನಗೆ ಅದು ನೆನಪಿದೆ ಎಂಬುದು ಅಪ್ಪನಿಗೆ ಗೊತ್ತಾಗಬಾರದೆಂದು ಹದಿನೆಂಟು ವರ್ಷ ಆ ಗುಟ್ಟು ಕಾದಿದ್ದಳು. ಬಹುಶಃ ತಿನ್ನದೆ ಕಾದದ್ದೂ ಅದನ್ನೇ. ಸೋಮವಾರ ರಾತ್ರಿ ಅಪ್ಪ ಊಟಕ್ಕೆ ಕೂತ. ಮೊದಲು ಬಡಿಸಿದ ಸಾರು ಮುಗಿಯಿತು, ಅನ್ನ ಉಳಿಯಿತು. ಅವನು ಕೇಳಲಿಲ್ಲ. ‘ಸಾರು ಹಾಕ್ಲಾಪ್ಪಾ?’ ಎಂದಳು. ‘ಸಾಕು ಕಣಮ್ಮ’ ಎಂದು ಉಳಿದ ಅನ್ನವನ್ನು ಒಣದಾಗಿಯೇ ಕಲಸಿ ಕಲಸಿ ನುಂಗಿದ. ಮಂಗಳವಾರವೂ. ನಿನ್ನೆಯೂ. ಕೂಗಾಡಿದ್ದರೆ ಆಗುತ್ತಿತ್ತು. ಮನೆಯಲ್ಲಿ ಈಗ ಇಬ್ಬರು ಊಟಕ್ಕೆ ಹೆದರುವವರು.

ವಿಡಿಯೊದ ಕೊನೆಯ ಮೂರು ನಿಮಿಷ ದೊಡ್ಡಪ್ಪನದು. ಬಸವರಾಜಪ್ಪ, ಗೋಷ್ಠಿಯ ಅಧ್ಯಕ್ಷ, ವೇದಿಕೆಯ ನಡುಗುರ್ಚಿಯಿಂದ ಎದ್ದು ಮೈಕಿನ ಹತ್ತಿರ ಬರುತ್ತಾನೆ. ಬಿಳೀ ಪಂಚೆ, ಹಣೆಯ ವಿಭೂತಿ ಬೆವರಿಗೆ ಹರಿದಿದೆ. ‘ತಾಯೀ, ಆ ಹುಡ್ಗಿ ಹಾಸನದೋಳಲ್ಲ. ನಮ್ ಮನೆ ಮಗಳು. ನನ್ ತಮ್ಮ ರುದ್ರಮೂರ್ತಿ ಮಗಳು ಸುಮನಾ. ಆ ಪಾಪಿ ನಾನೇ ಕಣಮ್ಮ.’ ಅವನು ಅತ್ತುಬಿಡುತ್ತಾನೆ. ಆಮೇಲೆ ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟುತ್ತಾನೆ, ಇನ್ನೊಬ್ಬ, ಇಡೀ ಸಭಾಭವನ. ಎಂಥ ದೊಡ್ಡ ಮನಸ್ಸು ಎಂದು ಮೊಬೈಲು ಹಿಡಿದವನು ತನ್ನ ಪಕ್ಕದವನಿಗೆ ಹೇಳುವುದು ಕೇಳುತ್ತದೆ. ವಿಭಾ ಕಣ್ಣೊರೆಸಿಕೊಂಡು ಬಂದು, ಆಗಷ್ಟೇ ತಮಗೆ ಹೊದಿಸಿದ್ದ ಶಾಲನ್ನು ತೆಗೆದು ದೊಡ್ಡಪ್ಪನ ಹೆಗಲಿಗೆ ಹೊದಿಸುತ್ತಾರೆ. ಮಗುವಿಗೆ ವಾಂತಿ ತಿನ್ನಿಸಿದವನಿಗೆ ಶಾಲು. ತಿಂದವಳ ಹೆಸರು ಮೂರು ತಾಲ್ಲೂಕಿನ ಫೋನುಗಳಲ್ಲಿ. ಈಗ ಅವಳ ಪಾಲಿಗೆ ಉಳಿದಿರುವುದು ಒಂದೇ ಕೆಲಸ, ಕ್ಷಮಿಸುವುದು. ಅದನ್ನೂ ಬೇಗ ಮಾಡಬೇಕು, ದೊಡ್ಡಪ್ಪನಿಗೆ ನಿದ್ದೆ ಬರಬೇಕಲ್ಲ.

ಕಡೂರಿನಲ್ಲಿ ಇಳಿದು ನಡೆಯುವಾಗ ಕಾಲು ತಾನಾಗಿ ಆ ಬೀದಿಗೆ ತಿರುಗಿತು. ಡಬ್ಬಿ ತಂದಿಲ್ಲವೆಂಬುದು ಬಾಗಿಲಲ್ಲಿ ನೆನಪಾಯಿತು. ವಿಭಾ ಕಾಯುತ್ತಿದ್ದರು. ಅವರ ಮುಖದಲ್ಲಿ ಅಂಜಿಕೆ ಇರಬಹುದೆಂದು ಸುಮನಾ ಬಸ್ಸಿನುದ್ದಕ್ಕೂ ಎಣಿಸಿದ್ದಳು. ಇರಲಿಲ್ಲ. ಪರೀಕ್ಷೆಯಲ್ಲಿ ಒಳ್ಳೇ ಮಾರ್ಕು ಬಂದ ಮಗುವಿನ ಮನೆಗೆ ಹೋದ ಟೀಚರಿನ ಮುಖ ಅದು, ಆ ಮುಖ ಅವಳಿಗೆ ಚೆನ್ನಾಗಿ ಗೊತ್ತು.

‘ಬನ್ನಿ ಸುಮನಾ. ಫೋನ್ ಮಾಡ್ಬೇಕು ಅಂತಿದ್ದೆ. ಇಂಥಾದ್ದೆಲ್ಲ ಎದುರುಬದುರು ಕೂತೇ ಮಾತಾಡ್ಬೇಕು ಅಂತ ತಡ್ಕೊಂಡೆ. ಹೇಗಿದೆ ಈಗ? ಹಗುರ ಆಯ್ತಾ?’

‘ಹಗುರ?’

‘ಹದಿನೆಂಟು ವರ್ಷ ಆದ್ಮೇಲೆ ಒಪ್ಕೊಂಡ್ರಲ್ಲ ಅವರು. ಸಾವಿರಕ್ಕೆ ಒಬ್ಬರೂ ಒಪ್ಕೊಳ್ಳಲ್ಲ. ನನ್ನ ಸರ್ವಿಸಲ್ಲೇ ನೋಡಿಲ್ಲ ನಾನು.’

‘ನೀವು ಹೇಳಿಬಿಟ್ರಿ ಮೇಡಂ.’ ಅದು ಜಗಳದ ದನಿಯಲ್ಲಿ ಬರಬೇಕಿತ್ತು. ಕ್ಲಾಸಿನಲ್ಲಿ ಪೆನ್ಸಿಲ್ ಕಳಕೊಂಡ ಹುಡುಗಿಯ ದನಿಯಲ್ಲಿ ಬಂತು.

‘ಹೆಸರು ಹೇಳ್ಲಿಲ್ಲ. ಊರು ಬದಲಾಯಿಸಿದ್ದೆ. ಜಾತಿ ಗೊತ್ತಾಗೋ ಒಂದು ಮಾತೂ ಬಿಟ್ಟಿರ್ಲಿಲ್ಲ, ನೀವೇ ನೋಡಿ ಬೇಕಾದ್ರೆ.’

‘ತಟ್ಟೆ ತೊಳೆದ ನೀರು?’

‘ಅದು... ಅಂಥಾ ವಿಚಿತ್ರ ಶಿಕ್ಷೆ ನಾನು ಎಲ್ಲೂ ಕೇಳಿರ್ಲಿಲ್ಲ ಸುಮನಾ. ನಿಮ್ಮ ದೊಡ್ಡಪ್ಪ ಒಬ್ಬರೇ ಕಂಡುಹಿಡಿದ ಕ್ರೌರ್ಯ ಅದು, ಯಾರಿಗೆ ಗುರುತು ಸಿಗುತ್ತೆ ಅಂತ.’

ಸುಮನಾ ಅವರನ್ನೇ ನೋಡಿದಳು. ‘ಅದು ಶಿಕ್ಷೆ ಅಲ್ಲ ಮೇಡಂ. ನಮ್ಮಲ್ಲಿ ನಿಷ್ಠೆ ಇರೋರು ದಿನಾ ಮಾಡ್ತಾರೆ. ನಮ್ಮಜ್ಜಿ ಮಾಡ್ತಿದ್ಲು. ಉಂಡಾದ್ಮೇಲೆ ತಟ್ಟೆಗೆ ಒಂಚೂರು ನೀರು ಹಾಕಿ, ಬೆರಳಲ್ಲಿ ಸುತ್ತಿಸಿ, ಶಿವಾ ಅಂತ ಕುಡೀತಿದ್ಲು. ನಂಗೆ ಅದನ್ನ ನೋಡೋಕೆ ಇಷ್ಟ ಇತ್ತು. ಆ ಹಾಲ್‌ನಲ್ಲಿ ಅರ್ಧ ಜನ ಮಾಡ್ತಾರೆ. ನೀವು ಅದನ್ನ ಹೇಳಿದ ತಕ್ಷಣ ಇದು ನಮ್ಮೋರ ಮನೆ ಕತೆ ಅಂತ ಎಲ್ರಿಗೂ ಗೊತ್ತಾಯ್ತು. ಆಮೇಲೆ ತಾಯಿಯಿಲ್ಲದ ಹುಡ್ಗಿ ಯಾರ ಮನೇಲಿತ್ತು ಅಂತ ಹುಡುಕಕ್ಕೆ ಎಷ್ಟೊತ್ತು ಬೇಕು? ದೊಡ್ಡಪ್ಪ ಎದ್ದು ನಿಲ್ದೆ ಇದ್ದಿದ್ರೆ ಇನ್ನೊಬ್ರು ಅವನ ಕಡೆ ನೋಡ್ತಿದ್ರು. ಅದಕ್ಕೇ ತಾನೇ ಎದ್ದ. ನೀವು ಅದನ್ನ ಪಶ್ಚಾತ್ತಾಪ ಅಂದ್ರಿ.’

ವಿಭಾ ಬಿಳಿಚಿಕೊಂಡರು. ‘ಐದು ತಿಂಗಳು... ನೀವು ಹೇಳ್ಲೇ ಇಲ್ಲ ಇದನ್ನ.’

‘ನೀವು ಕೇಳ್ಲಿಲ್ಲ.’

ಒಳಮನೆಯಲ್ಲಿ ಯಾರೋ ಮಿಕ್ಸಿ ಹಾಕಿ ನಿಲ್ಲಿಸಿದರು. ತಾನು ಇಷ್ಟು ಉದ್ದ ಮಾತಾಡಿದ್ದೇ ಸುಮನಾಳಿಗೆ ಸೋಜಿಗವಾಯಿತು. ಜೊತೆಗೆ ಒಂದು ಕೆಟ್ಟ ಆಸೆಯೂ ಹುಟ್ಟಿತು, ಇವರು ಈಗಲಾದರೂ ತಪ್ಪಾಯಿತು ಎಂದುಬಿಡಲಿ, ತಾನು ಪರವಾಗಿಲ್ಲ ಎಂದುಬಿಡುತ್ತೇನೆ, ಮುಂದಿನ ಶನಿವಾರ ಡಬ್ಬಿ ತರುತ್ತೇನೆ, ಎಲ್ಲಾ ಮೊದಲಿನಂತೆ. ತನಗೆ ಬೇರೆ ಯಾರಿದ್ದಾರೆ? ಈ ಕುರ್ಚಿ ಬಿಟ್ಟು ಎದ್ದರೆ ಮುಂದಿನ ಕುರ್ಚಿ ಶಿವಮೊಗ್ಗದ ವಾರ್ಡಿನದು. ಹೀಗೆ ಲೆಕ್ಕ ಹಾಕುತ್ತಿರುವ ತನ್ನ ಬಗ್ಗೆಯೇ ಹೇಸಿಗೆಯಾಗಿ, ಅವಳು ಕೊನೆಯ ಪ್ರಶ್ನೆ ಕೇಳಿದಳು: ‘ಅಪ್ಪನ ಸಾರಿನ ವಿಷಯ ಯಾಕೆ ಹೇಳಿದ್ರಿ?’

ವಿಭಾ ಸೆರಗು ಸರಿಪಡಿಸಿಕೊಂಡರು. ‘ಸುಮ್ನೆ ಕೂತು ನೋಡೋರೂ ತಪ್ಪಿತಸ್ಥರೇ ಅಂತ ಹೇಳ್ಬೇಕಿತ್ತು. ಆ ಪಾಯಿಂಟಿಗೆ... ಅದಕ್ಕಿಂತ ಚೆನ್ನಾಗಿ ಒಂದು ಉದಾಹರಣೆ ಇರ್ಲಿಲ್ಲ.’

ಉದಾಹರಣೆ. ಅಪ್ಪ ಒಣ ಅನ್ನ ನುಂಗುವಾಗ ಕತ್ತಿನ ಗಂಟು ಮೇಲೆ ಹೋಗಿ ಕೆಳಗೆ ಬರುವುದು ಕಣ್ಣಿಗೆ ಕಟ್ಟಿತು.

‘ನೋಡಿ, ತಪ್ಪಾಗಿರ್ಬಹುದು. ಆದ್ರೆ ಇದ್ರಿಂದಾನೇ ದಾರಿ ಮಾಡ್ಕೋಬಹುದು ನಾವು’ ಎಂದು ವಿಭಾ ಮುಂದಕ್ಕೆ ಬಾಗಿದರು. ‘ಬಸವರಾಜಪ್ಪನವರು ಮೊನ್ನೆ ಬಂದಿದ್ರು ಇಲ್ಲಿಗೆ. ಇದೇ ಕುರ್ಚೀಲಿ ಕೂತು ಮಗು ಥರ ಅತ್ರು. ಮುಂದಿನ ಗೋಷ್ಠೀಲಿ, ಎಲ್ಲರ ಎದುರು, ನಿಮಗೆ ಕೈಯಾರೆ ಒಂದು ತುತ್ತು ತಿನ್ನಿಸ್ಬೇಕು ಅಂತ ಅವರ ಆಸೆ. ಪ್ರೀತಿಯಿಂದ. ಸಿಂಬಾಲಿಕ್ ಆಗಿ ತುಂಬ ಪವರ್‌ಫುಲ್ ಅದು. ನಾನು... ನಿಮ್ಮನ್ನ ಒಪ್ಪಿಸ್ತೀನಿ ಅಂತ ಹೇಳಿದೀನಿ.’

ಸುಮನಾ ತಾನು ಕೂತ ಕುರ್ಚಿಯ ಕೈಗಳನ್ನು ನೋಡಿಕೊಂಡಳು. ಬೆತ್ತದ ಹೆಣಿಗೆಯ ಮೇಲಿಂದ ತನ್ನ ಕೈಗಳನ್ನು ಎತ್ತಿ ತೊಡೆಯ ಮೇಲಿಟ್ಟಳು. ಪ್ರೀತಿಯಿಂದ. ಆವತ್ತೂ ಪ್ರೀತಿಯಿಂದಲೇ; ದೊಡ್ಡಮ್ಮ ತೀರ್ಥಮ್ಮ ಮೂಗು ಹಿಡಿದಿದ್ದಾಗ ಅವಳ ಇನ್ನೊಂದು ಕೈ ತಲೆ ಸವರುತ್ತಿತ್ತು. ನಂಗಬ್ಯಾಡ ದೊಡ್ಡಪ್ಪಾ ಎಂದಿದ್ದ ಮಗುವಿಗೆ ಪಂಕ್ತಿಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ದೊಡ್ಡೋರು ಕಣಮ್ಮ, ನಿನ್ ಒಳ್ಳೇದಕ್ಕೇ ಹೇಳ್ತಾರೆ. ‘ನಾನು ಒಪ್ಪಲ್ಲ’ ಎಂದಳು. ಅಷ್ಟಕ್ಕೇ ವಿಭಾ ಅತ್ತುಬಿಟ್ಟರು. ಮುಖ ಮುಚ್ಚಿಕೊಂಡು, ಭುಜ ಅಲುಗುವಂತೆ, ‘ನಾನು ನಿಮ್ಮ ಒಳ್ಳೇದಕ್ಕೇ ಮಾಡ್ದೆ ಸುಮನಾ, ದೇವರಾಣೆ’ ಎಂದು. ರೋಗಿಗಳ ಕಡೆಗೆ ಇಟ್ಟಿರುತ್ತಿದ್ದ ಟಿಶ್ಯೂ ಡಬ್ಬವನ್ನು ಸುಮನಾ ಮೇಜಿನ ಆಚೆಗೆ ತಳ್ಳಿದಳು. ತಳ್ಳಿದ ಮೇಲೆ ತನಗೆ ಎಷ್ಟು ಅಭ್ಯಾಸವಾಗಿದೆ ಎಂದು ಹೊಳೆಯಿತು. ನೋಯಿಸಿದವರು ಅಳುತ್ತಾರೆ, ನೊಂದವಳು ಕಣ್ಣೊರೆಸಲು ಬಟ್ಟೆ ಹುಡುಕುತ್ತಾಳೆ. ಊರೆಂದರೆ ಇದೇ, ಮನೆಯೆಂದರೆ ಇದೇ, ಐದು ತಿಂಗಳು ಇದರಾಚೆಗೆ ಒಂದು ಕೋಣೆ ಇದೆಯೆಂದು ತಾನು ಬಸ್ ಹತ್ತಿ ಹತ್ತಿ ಬಂದದ್ದು.

ಅಳು ನಿಂತ ಮೇಲೆ ವಿಭಾ ಮೂಗೊರೆಸಿಕೊಂಡು, ಗಡಿಯಾರ ನೋಡಿ, ಮೇಜಿನ ಕೆಳಗಿಂದ ತಮ್ಮ ಡಬ್ಬಿ ತೆಗೆದರು. ‘ಊಟ ಮಾಡೋಣ್ವಾ? ಅದೊಂದು ತಪ್ಪಿಸೋದು ಬೇಡ. ನಿಮ್ದು ಎಲ್ಲಿ?’

‘ತಂದಿಲ್ಲ.’

ಮುಚ್ಚಳ ತೆರೆದುಕೊಂಡಿತ್ತು. ಪುಳಿಯೋಗರೆ. ಹುರಿದ ಎಳ್ಳಿನ ಘಮ ಬಂತು. ಸುಮನಾಳ ಹೊಟ್ಟೆಯೊಳಗೆ ಏನೋ ಎದ್ದಿತು. ಅವಳು ಅದನ್ನು ವಾಂತಿಯೆಂದುಕೊಂಡು ಕಾದಳು. ವಾಂತಿಯಲ್ಲ. ಎಷ್ಟೋ ವರ್ಷದಿಂದ ಕಾಣದ್ದು, ಗುರುತು ಸಿಗಲು ಹೊತ್ತು ಹಿಡಿಯಿತು. ಹಸಿವು, ಸಿಟ್ಟಿನ ಮೈಯಿಂದಲೇ ಕಿತ್ತು ತೆಗೆದಂಥ ಹಸಿವು. ಅವಳು ಕೈ ಚಾಚಿ ವಿಭಾರ ಡಬ್ಬಿಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

‘ಸುಮನಾ, ಅದು ನನ್ನ...’

‘ನೀವು ಆಚೆ ಹೋಗಿ ಮೇಡಂ.’

‘ಅಂದ್ರೆ?’

‘ಎದ್ದು ಆಚೆ ಹೋಗಿ. ನೀವು ನೋಡ್ಬೇಡಿ.’

ಸ್ವಂತ ಮನೆಯ ಸ್ವಂತ ಕೋಣೆಯಿಂದ ವಿಭಾ ಎದ್ದರು, ನಿಂತರು, ಹೋಗಬೇಕೋ ಬೇಡವೋ ಎಂದು ಪುಸ್ತಕದಲ್ಲಿ ಎಲ್ಲಾದರೂ ಬರೆದಿದೆಯೋ ಎಂಬಂತೆ ಒಂದು ಸಲ ಕಪಾಟು ನೋಡಿ, ಹೊರಗೆ ಹೋದರು. ಸುಮನಾ ಅಗುಳಿ ಹಾಕಿದಳು. ಮತ್ತೆ ಬಂದು ಕೂತು, ಚಮಚ ಪಕ್ಕಕ್ಕಿಟ್ಟು, ಕೈ ಹಾಕಿದಳು. ಹುಳಿ ಮೊದಲು ತಾಕಿತು, ಆಮೇಲೆ ಮೆಂತ್ಯದ ಕಹಿ, ಒಂದು ಕಡಲೇಬೀಜ ಹಲ್ಲಿಗೆ ಸಿಕ್ಕಿ ಒಡೆಯಿತು. ಎರಡು. ಮೂರು. ನಾಲ್ಕರ ಆಚೆಗೆ ಎಣಿಸುವುದು ತಪ್ಪಿತು. ಒಮ್ಮೆ ದೊಡ್ಡಮ್ಮನ ಆ ಹಳೇ ಬೆರಳು ಮೂಗಿನ ಮೇಲೆ ಬಂದಂತಾಯಿತು. ಅವಳು ಬಾಯಿ ತೆರೆದು ಉಸಿರೆಳೆದುಕೊಂಡು ಮತ್ತೆ ಅಗಿದಳು. ಇದು ಒಳಗೆ ನಿಲ್ಲುವುದೋ, ಬಸ್ ಸ್ಟ್ಯಾಂಡಿನ ಬಚ್ಚಲಿಗೆ ಹೋಗುವುದೋ ಗೊತ್ತಿಲ್ಲ. ನಾಳೆಯದು ಗೊತ್ತಿಲ್ಲ. ಮನೆಗೆ ಹೋಗಿ ಅಪ್ಪನ ಎದುರು ಕೂತು ಏನು ಹೇಳುವುದೋ ಅದೂ ಗೊತ್ತಿಲ್ಲ. ಈ ಹೊತ್ತು ಯಾರೂ ನೋಡುತ್ತಿಲ್ಲ, ಯಾರೂ ಪ್ರೀತಿಸುತ್ತಿಲ್ಲ, ಯಾರೂ ವಾಸಿ ಮಾಡುತ್ತಿಲ್ಲ.

ಬಾಗಿಲ ಆಚೆ ಬಳೆಯ ಸದ್ದಾಯಿತು. ‘ಸುಮನಾ? ತಿಂತಿದೀರಾ?’ ಎಂದು ವಿಭಾರ ದನಿ ಮರದ ಹಲಗೆಗೆ ಅಂಟಿಕೊಂಡಂತೆ ಬಂತು. ಮತ್ತೆ, ಇನ್ನೂ ಮೆಲ್ಲಗೆ, ಆಸೆಯಿಂದ: ‘ಅಂದ್ರೆ... ನನ್ನ ಕ್ಷಮಿಸಿದ್ರಿ ಅಂತ ಅನ್ಕೊಳ್ಲಾ?’

‘ಇಲ್ಲ’ ಎಂದಳು ಸುಮನಾ. ಬಾಯಿ ತುಂಬ ಅನ್ನವಿತ್ತು, ಮಾತು ಆಚೆಗೆ ಹೋಗಲಿಲ್ಲ.

‘ಏನಂದ್ರಿ?’

ಅವಳು ಅವಸರ ಮಾಡಲಿಲ್ಲ. ಪೂರ್ತಿ ಅಗಿದಳು, ನುಂಗಿದಳು. ಆಮೇಲೆ ಬೀದಿಗೂ ಕೇಳುವ ಹಾಗೆ ಹೇಳಿದಳು:

‘ಇಲ್ಲ.’